ಅಂಗಳದ ಸೊಪ್ಪು ಸಾರಿಗೆ ಸರಿ, ಬಾಟಲಿಗೆ?

ಪ್ರಶ್ನೆ: ನಾವು ಮಳವಳ್ಳಿ ಕಡೆಯವರು. ಮೂರು ವರ್ಷದಿಂದ ಮೈಸೂರಿನ ಬೋಗಾದಿ ಹತ್ತಿರ ಹೊಸ ಬಡಾವಣೆಯಲ್ಲಿದ್ದೇವೆ. ಮನೆ ಹಿಂದೆ ಸ್ವಲ್ಪ ಜಾಗ ಇದೆ, ಪಕ್ಕದಲ್ಲಿ ಎರಡು ಖಾಲಿ ಸೈಟು. ಮಳೆ ಬಿದ್ದರೆ ಸಾಕು, ಗೋಣಿ ಸೊಪ್ಪು, ಅಣ್ಣೆ ಸೊಪ್ಪು, ಗಣಿಕೆ, ಹೊನಗೊನೆ, ನೆಲನೆಲ್ಲಿ ಎಲ್ಲ ತಾನಾಗಿ ಬರುತ್ತವೆ. ಅತ್ತೆಗೆ 72 ವರ್ಷ, ಶುಗರ್, ಬಿಪಿ ಎರಡಕ್ಕೂ ಮಾತ್ರೆ ತಗೊಳ್ತಾರೆ. ಇದನ್ನೆಲ್ಲ ಕಿತ್ತು ಬಸ್ಸಾರು ಮಾಡು ಅಂತಾರೆ. ಮಗಳು ಮೊಬೈಲಿನಲ್ಲಿ ವಿಡಿಯೊ ನೋಡಿ ಗೋಣಿ ಸೊಪ್ಪು, ಒಂದೆಲಗ, ನೆಲನೆಲ್ಲಿಗೆ ಬೆಲ್ಲ, ನೀರು ಸೇರಿಸಿ ಗಾಜಿನ ಜಾಡಿಯಲ್ಲಿ ‘ಎಂಜೈಮ್’ ಹಾಕಿದ್ದಾಳೆ. 21 ದಿನ ಆಯ್ತು. ಮೇಲೆ ಬಿಳಿ ಪೊರೆ ಕಟ್ಟಿದೆ. ಮೊನ್ನೆ ಮುಚ್ಚಳ ತೆಗೆದಾಗ ಬುಸ್ಸಂತ ನೊರೆ ಉಕ್ಕಿತು. ಅತ್ತೆ ಮೂಸಿ ನೋಡಿ ‘ಇದು ಹೆಂಡ ಕಣವ್ವ’ ಅಂದರು. ನಮ್ಮ ಯಜಮಾನರಿಗೆ ಎರಡು ವರ್ಷದ ಹಿಂದೆ ಕಿಡ್ನಿಯಲ್ಲಿ ಕಲ್ಲಾಗಿತ್ತು. ಈಗ ಸ್ಕ್ಯಾನಿಂಗ್‌ನಲ್ಲಿ ಫ್ಯಾಟಿ ಲಿವರ್ ಗ್ರೇಡ್ 1 ಅಂತ ಬಂದಿದೆ. ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ 30 ಮಿಲಿ ಕುಡಿದರೆ ಲಿವರ್ ಕ್ಲೀನ್ ಆಗುತ್ತೆ ಅಂತ ಪಕ್ಕದ ಮನೆಯವರು ಹೇಳ್ತಾರೆ. ಕುಡಿಸಬಹುದಾ? ಸೊಪ್ಪು ತಿನ್ನಬಹುದಾ? ‘ನಾವೆಲ್ಲ ತಿಂದು ಬದುಕಿಲ್ವಾ’ ಅಂತ ಅತ್ತೆ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಉತ್ತರ: ಮೊದಲು ಜಾಡಿಯ ವಿಷಯ. ಯಾಕೆಂದರೆ ಅದು ಈಗಲೂ ನಿಮ್ಮ ಅಡುಗೆಮನೆಯಲ್ಲೇ ಇರುತ್ತೆ. ಅದನ್ನು ಯಾರೂ ಕುಡಿಯಬೇಡಿ. ಹೊರಗೆ ತೆಗೆದುಕೊಂಡು ಹೋಗಿ, ಮೇಲೊಂದು ದಪ್ಪ ಬಟ್ಟೆ ಹಾಕಿ, ಮುಚ್ಚಳವನ್ನು ನಿಧಾನಕ್ಕೆ ಸಡಿಲ ಮಾಡಿ. ಒಳಗೆ ಗಾಳಿ ತುಂಬಿ ಗಾಜು ಸಿಡಿಯೋದು ಕಟ್ಟುಕಥೆ ಅಲ್ಲ. ಒಂದು ಏಪ್ರಿಲ್ ತಿಂಗಳಲ್ಲಿ ನನ್ನ ಮನೆಯ ಅಟ್ಟದ ಮೇಲೇ ಒಂದು ಬಾಟಲಿ ಸಿಡಿದಿತ್ತು. ಆಹಾರದ ಸೂಕ್ಷ್ಮಜೀವಿಗಳ ಜೊತೆ ಇಪ್ಪತ್ತೈದು ವರ್ಷ ಕೆಲಸ ಮಾಡಿದವಳ ಮನೆಯಲ್ಲೇ ಹೀಗಾಯ್ತು. ಗೋಡೆಯ ಕಲೆ ಹೋಗಲು ಸುಣ್ಣ ಬಳಿಯಬೇಕಾಯ್ತು. ಅಮ್ಮ ಬೈದದ್ದು ಬೇರೆ.

ನಿಮ್ಮ ಅತ್ತೆಯವರ ಮೂಗಿಗೆ ನಾನು ನೂರಕ್ಕೆ ನೂರು ಅಂಕ ಕೊಡುತ್ತೇನೆ. ಬೆಲ್ಲದ ನೀರಿಗೆ ಎಲೆ ಹಾಕಿ ಮುಚ್ಚಿಟ್ಟರೆ, ಎಲೆಯ ಮೇಲಿರುವ ಯೀಸ್ಟ್ ಬೆಲ್ಲ ತಿಂದು ಮದ್ಯಸಾರ ಮಾಡುತ್ತೆ, ಜೊತೆಗೆ ಗ್ಯಾಸ್ ಬಿಡುತ್ತೆ. ನೀವು ಮಂಡ್ಯ ಸೀಮೆಯವರು, ಆಲೆಮನೆ ನೋಡಿರುತ್ತೀರಿ. ಕಬ್ಬಿನ ಹಾಲನ್ನು ಕಾಯಿಸದೆ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಅದು ಏನಾಗಿರುತ್ತೆ ಅಂತ ನಾನು ಹೇಳಬೇಕಾಗಿಲ್ಲ. ಈ ‘ಎಂಜೈಮ್’ನ ಪ್ರಚಲಿತ ಅಳತೆ ಬೆಲ್ಲ 1, ಎಲೆ ಅಥವಾ ಸಿಪ್ಪೆ 3, ನೀರು 10 ಪಾಲು. ಲೆಕ್ಕ ಹಾಕಿದರೆ ಲೀಟರ್ ನೀರಿಗೆ 100 ಗ್ರಾಂ ಬೆಲ್ಲ. ಅದು ಪೂರ್ತಿ ಹುದುಗಿದರೆ ನೂರು ಪಾಲಿನಲ್ಲಿ 4ರಿಂದ 5 ಪಾಲು ಮದ್ಯಸಾರ ಬರಬಹುದು. ಅಂದರೆ ಹೆಚ್ಚುಕಮ್ಮಿ ಬಿಯರ್‌ನಷ್ಟು.

ಮುಚ್ಚಳ ಬಿಗಿಯಾಗಿದ್ದರೆ ಅದು ಮದ್ಯವಾಗಿಯೇ ಉಳಿಯುತ್ತೆ. ಗಾಳಿ ಆಡುತ್ತಿದ್ದರೆ ಬೇರೊಂದು ಜಾತಿಯ ಬ್ಯಾಕ್ಟೀರಿಯಾ ಬಂದು ಆ ಮದ್ಯವನ್ನು ವಿನೆಗರ್ ಮಾಡುತ್ತೆ. ಮೂರು ತಿಂಗಳು ಬಿಟ್ಟರೆ ನಿಮಗೆ ಸಿಗೋದು ಎಲೆಯ ಕಷಾಯ ಬೆರೆತ ತೆಳು ವಿನೆಗರ್. ನೆಲ ಒರೆಸೋಕೆ, ಬಚ್ಚಲು ತಿಕ್ಕೋಕೆ ಅದು ಒಳ್ಳೆಯದೇ, ಹುಳಿ ಇರುವುದರಿಂದ ಕೊಳೆ ಬಿಡುತ್ತೆ. ಇದು ಹುಟ್ಟಿದ್ದೂ ಅದಕ್ಕೇ. ಕುಡಿಯೋ ಮಾತು ಆಮೇಲೆ ಯಾರೋ ಅಂಟಿಸಿದ್ದು. ‘ಎಂಜೈಮ್’ ಅನ್ನೋ ಹೆಸರಿಗೂ ಜಾಸ್ತಿ ಬೆಲೆ ಕೊಡಬೇಡಿ. ಎಂಜೈಮ್‌ಗಳು ಪ್ರೋಟೀನ್. ಅಕಸ್ಮಾತ್ ಅದರಲ್ಲಿ ಉಳಿದಿದ್ದರೂ, ನಿಮ್ಮ ಹೊಟ್ಟೆ ಅವನ್ನು ತೊಗರಿಬೇಳೆಯ ಪ್ರೋಟೀನನ್ನು ಹೇಗೆ ಅರಗಿಸುತ್ತೋ ಹಾಗೇ ಅರಗಿಸಿಬಿಡುತ್ತೆ. ಅವು ನೇರವಾಗಿ ಲಿವರ್‌ಗೆ ಹೋಗಿ ಪೊರಕೆ ಹಿಡಿಯುವುದಿಲ್ಲ.

ಹಾಗಂತ ಹೆದರಿಸುವುದೂ ನನಗೆ ಇಷ್ಟವಿಲ್ಲ. ‘ಮನೆಯಲ್ಲಿ ಹುದುಗಿಸಿದರೆ ಕಳ್ಳಭಟ್ಟಿಯ ಥರ ಕಣ್ಣು ಹೋಗುತ್ತೆ’ ಅನ್ನುವವರಿದ್ದಾರೆ. ಅದು ಸುಳ್ಳು ಭಯ. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡ ಮದ್ಯದಲ್ಲಿ ಇದ್ದದ್ದು ಬೆರೆಸಿದ ಮೆಥನಾಲ್ ಅನ್ನೋ ವಿಷ. ಬೆಲ್ಲ, ಎಲೆ ಹುದುಗಿದಾಗ ಮೆಥನಾಲ್ ಬರುವುದು ತೀರಾ ಅಲ್ಪ. 30 ಮಿಲಿಯಲ್ಲಿ ಇರುವ ಮದ್ಯಸಾರವೂ ಒಂದೂವರೆ ಮಿಲಿಯಷ್ಟೇ. ನನ್ನ ತಕರಾರು ಬೇರೆ. ಫ್ಯಾಟಿ ಲಿವರ್ ಇರುವವರಿಗೆ, ಎಷ್ಟು ಸಕ್ಕರೆ ಉಳಿದಿದೆ, ಎಷ್ಟು ಮದ್ಯ ಆಗಿದೆ, ಎಲೆಯಿಂದ ಏನೇನು ಇಳಿದಿದೆ ಅಂತ ಯಾರಿಗೂ ಗೊತ್ತಿಲ್ಲದ ನೀರನ್ನು ದಿನಾ ಬೆಳಿಗ್ಗೆ ಕೊಡುವುದು ಯಾವ ಲಾಭಕ್ಕೆ?

ಈಗ ನೆಲನೆಲ್ಲಿ. ಇದರ ಕಥೆ ಸ್ವಲ್ಪ ಉದ್ದ, ಆದರೆ ಹೇಳಲೇಬೇಕು. ಕಾಮಾಲೆಗೆ ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕೊಡುವುದು ನಮ್ಮ ಕಡೆ ಯಾವತ್ತಿನಿಂದಲೋ ಇದೆ. ಕೊಟ್ಟವರಲ್ಲಿ ಹೆಚ್ಚಿನವರಿಗೆ ವಾಸಿಯೂ ಆಗುತ್ತೆ. ಯಾಕೆ ಗೊತ್ತಾ? ಕೊಳೆ ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ, ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗೇ ಇಳಿಯುತ್ತವೆ. ಸೊಪ್ಪು ಕೊಟ್ಟರೂ ಇಳಿಯುತ್ತೆ, ಕೊಡದಿದ್ದರೂ ಇಳಿಯುತ್ತೆ. ಹೆಸರು ಮಾತ್ರ ಸೊಪ್ಪಿಗೆ.

ವಿಜ್ಞಾನಿಗಳು ಇದನ್ನು ತಳ್ಳಿಹಾಕಿ ಕೂತಿರಲಿಲ್ಲ. ಲಿವರ್ ಕೆಡಿಸುವ ಹೆಪಟೈಟಿಸ್ ಬಿ ವೈರಸ್ ಪತ್ತೆ ಮಾಡಿ 1976ರಲ್ಲಿ ನೊಬೆಲ್ ಪಡೆದ ಬರೂಕ್ ಬ್ಲಂಬರ್ಗ್ ಅವರೇ ನೆಲನೆಲ್ಲಿಯ ಹಿಂದೆ ಬಿದ್ದಿದ್ದರು. ಅವರು ಚೆನ್ನೈನ ವಿಜ್ಞಾನಿಗಳ ಜೊತೆ ಸೇರಿ 1988ರಲ್ಲಿ ಒಂದು ವರದಿ ಕೊಟ್ಟರು. 30 ದಿನ ನೆಲನೆಲ್ಲಿ ಪುಡಿ ತಗೊಂಡವರಲ್ಲಿ ನೂರಕ್ಕೆ 59 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಸುಮ್ನೆ ಹುಸಿ ಮಾತ್ರೆ ತಗೊಂಡವರಲ್ಲಿ ನೂರಕ್ಕೆ 4. ಆಗ ಎಲ್ಲರಿಗೂ ಕುತೂಹಲ. ಆದರೆ ಬೇರೆ ಕಡೆ ಅದೇ ಪ್ರಯೋಗ ಮಾಡಿದವರಿಗೆ ಅಂಥ ಫಲ ಸಿಗಲಿಲ್ಲ. 2011ರಲ್ಲಿ ಎಲ್ಲ ಪ್ರಯೋಗಗಳನ್ನೂ ಒಟ್ಟಿಗೆ ತೂಗಿ ನೋಡಿದಾಗ, ನಂಬಿಕೆ ಇಡುವಷ್ಟು ಪುರಾವೆ ಇಲ್ಲ ಅಂತ ತೀರ್ಮಾನ ಬಂತು. ಗಮನಿಸಿ, ಇದೆಲ್ಲ ವೈರಸ್ಸಿನ ಮಾತು. ನಿಮ್ಮ ಯಜಮಾನರಿಗೆ ಇರುವುದು ಲಿವರ್‌ನಲ್ಲಿ ಕೊಬ್ಬು. ಅದು ಬೇರೆಯೇ ಕಾಯಿಲೆ. ಕಾಮಾಲೆಯ ಸೊಪ್ಪನ್ನು ಕೊಬ್ಬಿನ ಲಿವರ್‌ಗೆ ಕೊಡುವುದು, ಎರಡಕ್ಕೂ ‘ಲಿವರ್’ ಅನ್ನೋ ಪದ ಇದೆ ಅನ್ನುವ ಒಂದೇ ಕಾರಣಕ್ಕೆ.

ಕೋವಿಡ್ ಕಾಲದ ಅಮೃತಬಳ್ಳಿ ನೆನಪಿದೆಯಲ್ಲ? ಬೀದಿಬೀದಿಯಲ್ಲಿ ಕಾಂಪೌಂಡಿಗೆ ಬಳ್ಳಿ ಹಬ್ಬಿಸಿ ಕಷಾಯ ಕುದಿಸಿದರು. 2021ರಲ್ಲಿ ಮುಂಬೈನ ವೈದ್ಯರು, ಹೀಗೆ ತಿಂಗಳುಗಟ್ಟಲೆ ಕುಡಿದ 6 ಜನರಿಗೆ ಲಿವರ್ ಊತ ಬಂದದ್ದನ್ನು ವರದಿ ಮಾಡಿದರು. ಆಯುಷ್ ಸಚಿವಾಲಯ ಇದನ್ನು ಒಪ್ಪಲಿಲ್ಲ. ಅದೇ ಥರ ಕಾಣುವ, ಕಾಂಡದ ಮೇಲೆ ಗಂಟುಗಂಟು ಇರುವ ಇನ್ನೊಂದು ಜಾತಿಯ ಬಳ್ಳಿ ಬೆರೆತಿರಬಹುದು ಅಂದಿತು. ಯಾರು ಸರಿ ಅನ್ನೋ ಜಗಳಕ್ಕೆ ನಾನು ಹೋಗಲ್ಲ. ಆ ಬಳ್ಳಿಯೇ ಕೆಡಿಸಿದ್ದರೂ, ಗುರುತು ತಪ್ಪಿ ಬೇರೆ ಬಳ್ಳಿ ಕುಡಿದಿದ್ದರೂ, ಕೆಟ್ಟದ್ದು ಕುಡಿದವರ ಲಿವರ್. ನನ್ನ ಹತ್ತಿರ ಬಂದವರಲ್ಲೂ ತೊಂದರೆ ಮಾಡಿಕೊಂಡವರು ಹೆಚ್ಚಾಗಿ ಸೊಪ್ಪು ‘ತಿಂದವರು’ ಅಲ್ಲ. ರಸ, ಪುಡಿ, ಕಷಾಯ, ಎಂಜೈಮ್ ಅಂತ ಒಂದೇ ಗಿಡವನ್ನು ದಿನಾ ‘ಕುಡಿದವರು’.

ಅಲ್ಲಿಗೆ ನಿಮ್ಮ ಅತ್ತೆಯವರ ಪ್ರಶ್ನೆಗೆ ಬಂದೆವು. ಅವರು ತಿಂದು ಬದುಕಿದ್ದು ನಿಜ. ಆದರೆ ಹೇಗೆ ತಿಂದರು ಅಂತ ಸ್ವಲ್ಪ ನೋಡೋಣ.

ಬೆರಕೆ ಸೊಪ್ಪು ಅಂದರೆ ಹೆಸರೇ ಹೇಳುತ್ತೆ, ಹತ್ತು ಹದಿನೈದು ಬಗೆ ಒಂದೊಂದು ಹಿಡಿ. ಮುಂಗಾರು ಬಿದ್ದು ರಾಗಿ ಹೊಲದಲ್ಲಿ ಕಳೆ ತೆಗೆಯುವಾಗ ಹೆಂಗಸರು ಮಡಿಲಿಗೆ ಹಾಕಿಕೊಳ್ಳುತ್ತಿದ್ದರು. ಎಳೆಯದು ಮಾತ್ರ. ವರ್ಷದಲ್ಲಿ ಕೆಲವು ವಾರ ಮಾತ್ರ. ಚೆನ್ನಾಗಿ ಬೇಯಿಸಿ, ಕಾಳಿನ ಜೊತೆ, ಮುದ್ದೆಯ ಜೊತೆ. ಒಂದು ಗಿಡದಲ್ಲಿ ಏನಾದರೂ ಕೆಡುಕು ಇದ್ದರೂ ಒಬ್ಬರ ಹೊಟ್ಟೆಗೆ ಹೋಗುತ್ತಿದ್ದದ್ದು ಚಿಟಿಕೆಯಷ್ಟು. ಇನ್ನೊಂದು ವಿಷಯ. ಆ ಸೊಪ್ಪು ಬರುತ್ತಿದ್ದದ್ದು ಮಳೆಯಾಶ್ರಿತ ಹೊಲದಿಂದ, ಕಳೆನಾಶಕ ಅನ್ನೋ ಮಾತು ಕಿವಿಗೂ ಬಿದ್ದಿರದ ಕಾಲದಲ್ಲಿ. ಈಗ ಕಬ್ಬಿನ ಗದ್ದೆಯಲ್ಲಿ ಕೂಲಿಯವರು ಸಿಗದೆ 2,4-ಡಿ, ಅಟ್ರಜಿನ್ ಹೊಡೆಯುವುದು ಮಾಮೂಲು.

ನಿಮ್ಮ ಪಕ್ಕದ ಖಾಲಿ ಸೈಟಿಗೂ ಇದೇ ಮಾತು. ಸೈಟಿನ ಯಜಮಾನರು ವರ್ಷಕ್ಕೊಮ್ಮೆ ಯಾರನ್ನೋ ಕಳಿಸಿ ಗ್ಲೈಫೋಸೇಟ್ ಅನ್ನೋ ಕಳೆನಾಶಕ ಹೊಡೆಸಿರಬಹುದು, ನಿಮಗೆ ಗೊತ್ತೂ ಇರುವುದಿಲ್ಲ. ಅದು ಎಲೆಯಿಂದ ಒಳಗೆ ಇಳಿದು ಬೇರಿನವರೆಗೆ ಹೋಗುವ ಔಷಧಿ. ಗಿಡ ಹಳದಿಯಾಗೋಕೆ ವಾರ, ಹತ್ತು ದಿನ ಬೇಕು. ಅಲ್ಲಿವರೆಗೆ ಸೊಪ್ಪು ಹಸಿರಾಗಿ, ಚೆನ್ನಾಗೇ ಕಾಣುತ್ತೆ. ತೊಳೆದರೂ ಹೋಗಲ್ಲ, ಒಳಗಿದೆಯಲ್ಲ. ಕಟ್ಟಡದ ಬಣ್ಣ, ಸಿಮೆಂಟು, ಹಳೇ ಬ್ಯಾಟರಿ, ನಾಯಿಗಳ ಕಾರುಬಾರು ಎಲ್ಲ ಅಲ್ಲೇ. ಹಾಗಾಗಿ ಖಾಲಿ ಸೈಟಿನ ಸೊಪ್ಪು ಬೇಡವೇ ಬೇಡ, ಇದರಲ್ಲಿ ನನಗೆ ಎರಡು ಮಾತಿಲ್ಲ. ನಿಮ್ಮ ಹಿತ್ತಲಿನದ್ದು ಬೇರೆ. ಅಲ್ಲಿ ಏನು ಹಾಕಿದ್ದೀರಿ, ಏನು ಹಾಕಿಲ್ಲ ಅಂತ ನಿಮಗೇ ಗೊತ್ತು. ಮೋರಿ ನೀರು ಅತ್ತ ಹರಿಯದಿದ್ದರೆ ಸಾಕು.

ನೆಲನೆಲ್ಲಿ ಬಿಟ್ಟು ನೀವು ಹೆಸರಿಸಿದ ಉಳಿದ ಸೊಪ್ಪುಗಳೆಲ್ಲ ತಿನ್ನುವಂಥವೇ. ಒಂದೊಂದಕ್ಕೂ ಒಂದು ಎಚ್ಚರ ಇದೆ ಅಷ್ಟೆ.

ಗೋಣಿ ಸೊಪ್ಪಿನ ದಂಟು ಮುರಿದು ನೋಡಿ. ನೀರು ಒಸರಿದರೆ ಗೋಣಿ. ಬಿಳಿ ಹಾಲು ಬಂದರೆ ಅದು ನೆಲಕ್ಕೆ ಅಂಟಿ ಬೆಳೆಯುವ ಬೇರೆ ಹಾಲುಗಿಡ, ಬಿಸಾಡಿ. ಹೊನಗೊನೆಯಲ್ಲಿ ಪುಟ್ಟ ಬಿಳಿ ಹೂಗೊಂಚಲು ಎಲೆಯ ಕಂಕುಳಿಗೇ ಅಂಟಿಕೊಂಡಿರುತ್ತೆ. ಗೊಂಚಲಿಗೆ ಉದ್ದ ತೊಟ್ಟಿದ್ದರೆ ಅದು ಕೊಳಕು ಕೆರೆಗಳಲ್ಲಿ ಹಬ್ಬುವ ಅದರ ವಿದೇಶಿ ದಾಯಾದಿ. ಕೆರೆಯ ವಿಷಲೋಹಗಳನ್ನು ಅದು ಹೀರಿಟ್ಟುಕೊಳ್ಳುತ್ತೆ. ಅಣ್ಣೆ ಸೊಪ್ಪಿನ ಬಗ್ಗೆ ಹೇಳುವಂಥದ್ದೇನಿಲ್ಲ, ತೆನೆ ಬರುವ ಮುಂಚೆ ಕೀಳಿ.

ಗಣಿಕೆಯ ಹತ್ತಿರ ಮಾತ್ರ ಸ್ವಲ್ಪ ನಿಲ್ಲಬೇಕು. ಗಣಿಕೆ, ಮದಗುಣಿಕೆ. ಹೆಸರಿನಲ್ಲೂ ಹತ್ತಿರ, ಕುಲದಲ್ಲೂ ಹತ್ತಿರ. ಎರಡೂ ಬದನೆ ಜಾತಿಯವೇ. ಮದಗುಣಿಕೆ ಅಂದರೆ ದತ್ತೂರ, ಹೆಸರಿನಲ್ಲೇ ‘ಮದ’ ಇದೆ. ಎರಡರ ಎಳೆ ಸಸಿಗಳು ಸೊಪ್ಪಿನ ರಾಶಿಯಲ್ಲಿ ಬೆರೆತರೆ ಗುರುತು ಹಿಡಿಯೋದು ಕಷ್ಟ. 2022ರ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ಅಂಗಡಿಯ ಪಾಲಕ್ ಜೊತೆ ದತ್ತೂರ ಜಾತಿಯ ಕಳೆ ಬೆರೆತು, ನೂರಕ್ಕೂ ಹೆಚ್ಚು ಜನ ಅಸ್ವಸ್ಥರಾಗಿದ್ದರು. ಅಲ್ಲಿ ಕೊಯ್ಲು, ಪ್ಯಾಕಿಂಗ್ ಎಲ್ಲ ಯಂತ್ರದ ಕೆಲಸ, ಆದರೂ ತಪ್ಪಿತು. ಗಣಿಕೆಗೆ ಮೆಣಸಿನಗಿಡದ ಥರ ಪುಟ್ಟ ಬಿಳಿ ನಕ್ಷತ್ರದ ಹೂ, ಗೊಂಚಲು ಕಾಯಿ. ಮದಗುಣಿಕೆಗೆ ದೊಡ್ಡ ಕಹಳೆ ಹೂ, ಮುಳ್ಳುಕಾಯಿ, ಎಲೆ ಹಿಸುಕಿದರೆ ಕೆಟ್ಟ ವಾಸನೆ. ಹೂ ಅಥವಾ ಕಾಯಿ ಕಾಣುವವರೆಗೆ ಗಣಿಕೆ ಕೀಳಬೇಡಿ. ಕೀಳುವಾಗಲೂ ಹಸಿರು ಕಾಯಿ ಬಿಡಿ, ಅದರಲ್ಲಿ ಸೊಲನೈನ್ ಅನ್ನೋ ವಿಷದ ಅಂಶ ಇದೆ. ಕಪ್ಪಗೆ ಹಣ್ಣಾದದ್ದು ಮಾತ್ರ ತಿನ್ನುವಂಥದ್ದು.

ಸೊಪ್ಪಿನ ಊಟ ಆದಮೇಲೆ ಯಾರಿಗಾದರೂ ಬಾಯಿ ಒಣಗಿ, ಕಣ್ಣಿನ ಪಾಪೆ ಹಿಗ್ಗಿ, ಎದೆ ಡವಗುಟ್ಟಿ, ಮಾತು ತೊದಲಿದರೆ ಮಜ್ಜಿಗೆ ಕುಡಿಸುತ್ತಾ, ವಾಂತಿ ಮಾಡಿಸುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ. ಉಳಿದ ಸೊಪ್ಪನ್ನೂ ಕವರಿನಲ್ಲಿ ಹಾಕಿಕೊಂಡು ಹೋಗಿ, ಡಾಕ್ಟರಿಗೆ ಅದೇ ದೊಡ್ಡ ಸಹಾಯ.

ಗುರುತಿನ ಅನುಮಾನ ಬಂದರೆ ಮೊಬೈಲ್ ಆ್ಯಪ್ ನಂಬಿ ಅಡುಗೆ ಮಾಡಬೇಡಿ. ಬೇರು, ಹೂ ಸಮೇತ ಗಿಡ ಕಿತ್ತು ಒದ್ದೆ ಪೇಪರಿನಲ್ಲಿ ಸುತ್ತಿ ಮಾನಸಗಂಗೋತ್ರಿಯ ಸಸ್ಯಶಾಸ್ತ್ರ ವಿಭಾಗಕ್ಕೆ ಹೋಗಿ ಕೇಳಿ. ಊರಿಗೆ ಹೋದಾಗಲಾದರೆ ಮಂಡ್ಯದ ವಿ.ಸಿ. ಫಾರಂನ ಕೃಷಿ ಸಂಶೋಧನಾ ಕೇಂದ್ರದಲ್ಲಿ ಕೇಳಬಹುದು. ಇವೆರಡಕ್ಕಿಂತ ಹತ್ತಿರದವರು ನಿಮ್ಮ ಅತ್ತೆ. ಆದರೆ ಅವರನ್ನು ‘ಏನು ತಿಂತಿದ್ರಿ’ ಅಂತ ಮಾತ್ರ ಕೇಳಬೇಡಿ, ‘ಯಾವುದನ್ನ ಮುಟ್ತಿರಲಿಲ್ಲ’ ಅಂತಲೂ ಕೇಳಿ. ವಿಡಿಯೊಗಳಲ್ಲಿ ಸಿಗದೇ ಇರುವುದು ಈ ಎರಡನೇ ಪಟ್ಟಿ. ಒಂದೇ ತೊಂದರೆ, 72 ವರ್ಷದ ಕಣ್ಣು. ಪೊರೆ ಬಂದಿದ್ದರೆ ಅವರು ಹೇಳಲಿ, ನೀವು ಕೀಳಿ.

ಈಗ ನಿಮ್ಮ ಯಜಮಾನರ ಕಲ್ಲು. ಇಲ್ಲಿ ನಮ್ಮ ಬಸ್ಸಾರೇ ಒಂದು ತಮಾಷೆ ಮಾಡುತ್ತೆ. ಗೋಣಿ, ದಂಟಿನ ಜಾತಿಯ ಸೊಪ್ಪು, ಪಾಲಕ್ ಇವುಗಳಲ್ಲಿ ಆಕ್ಸಲೇಟ್ ಜಾಸ್ತಿ. ಸಾಮಾನ್ಯವಾಗಿ ಆಗುವ ಕಿಡ್ನಿ ಕಲ್ಲು ಕ್ಯಾಲ್ಸಿಯಂ ಜೊತೆ ಈ ಆಕ್ಸಲೇಟ್ ಸೇರಿ ಆಗುವಂಥದ್ದು. ಸೊಪ್ಪು ಬೇಯಿಸಿ ನೀರು ಬಸಿದರೆ ಕರಗುವ ಆಕ್ಸಲೇಟ್‌ನಲ್ಲಿ ಒಳ್ಳೆಯ ಪಾಲು ಆ ನೀರಿಗೆ ಇಳಿಯುತ್ತೆ. ಅದಕ್ಕೇ ‘ಬಸಿದು ತಿನ್ನಿ’ ಅಂತ ಎಲ್ಲರೂ ಬರೆಯುತ್ತಾರೆ. ಆದರೆ ನಾವು ಬಸಿದ ಕಟ್ಟನ್ನು ಚೆಲ್ಲುತ್ತೇವಾ? ಅದೇ ತಾನೆ ಸಾರು! ಪಲ್ಯಕ್ಕೆ ಸೊಪ್ಪು, ಮುದ್ದೆಗೆ ಕಟ್ಟು. ಬಸಿದ ಆಕ್ಸಲೇಟ್ ಪೂರ್ತಿ ಸಾರಿನಲ್ಲಿ ವಾಪಸ್.

ಹಾಗಾಗಿ ಅವರಿಗೆ ಮಾಡುವಾಗ ಸೊಪ್ಪನ್ನು ಮೊದಲು ಬೇರೆ ನೀರಿನಲ್ಲಿ ಒಂದು ಕುದಿ ಕುದಿಸಿ, ಆ ನೀರು ಚೆಲ್ಲಿ. ಆಮೇಲೆ ಕಾಳಿನ ಜೊತೆ ಹಾಕಿ. ರುಚಿ ಸ್ವಲ್ಪ ಹೋಗುತ್ತೆ, ಅತ್ತೆಯವರು ಗೊಣಗುತ್ತಾರೆ, ಪರವಾಗಿಲ್ಲ. ಊಟದ ಜೊತೆಗೇ ಮೊಸರು ಅಥವಾ ಮಜ್ಜಿಗೆ ಇರಲಿ. ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದುಕೊಂಡು ಹೊರಗೆ ಹಾಕುತ್ತೆ. ‘ಕಲ್ಲಿದ್ದವರು ಹಾಲು ಮೊಸರು ಬಿಡಬೇಕು’ ಅನ್ನುವ ಮಾತು ಬಹಳ ಹಳೇದು, ತಪ್ಪು. ನೀರು ಧಾರಾಳವಾಗಿ ಕುಡಿಯಲಿ. ಗೋಣಿ ಸೊಪ್ಪಿನ ಹಸಿ ಜ್ಯೂಸ್, ಸ್ಮೂದಿ ಅವರಿಗೆ ಯಾವತ್ತೂ ಬೇಡ. ನಿಮ್ಮ ಜಾಡಿಯಲ್ಲಿ ಇದ್ದದ್ದೂ ಗೋಣಿಯೇ, ನೆನಪಿರಲಿ.

ಅತ್ತೆಯವರಿಗೆ ಬೇಯಿಸಿದ ಸೊಪ್ಪು ಒಳ್ಳೆಯದು, ಶುಗರ್‌ಗೂ ಅಡ್ಡಿಯಿಲ್ಲ. ಅವರ ಕಿಡ್ನಿ ಕೆಲಸ ಕಡಿಮೆಯಾಗಿದೆ ಅಂತ ಡಾಕ್ಟರ್ ಯಾವಾಗಲಾದರೂ ಹೇಳಿದ್ದರೆ ಸೊಪ್ಪಿನಲ್ಲಿರುವ ಪೊಟ್ಯಾಸಿಯಂ ಲೆಕ್ಕ ಬರುತ್ತೆ, ಆಗ ಕೇಳಿ ತಿನ್ನಲಿ. ಮನೆಯಲ್ಲಿ ಯಾರಾದರೂ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೂ ಹಾಗೇ, ಸೊಪ್ಪಿನ ಪ್ರಮಾಣವನ್ನು ದಿಢೀರ್ ಅಂತ ಏರಿಸಬಾರದು.

‘ಹುದುಗಿಸಿದರೆ ಕೆಟ್ಟದ್ದೆಲ್ಲ ಸಾಯುತ್ತೆ’ ಅಂತ ಮಗಳು ಹೇಳಿರಬಹುದು. ಅರ್ಧ ನಿಜ. ಹುಳಿ ಸರಿಯಾಗಿ ಬಂದರೆ ಭೇದಿ ಮಾಡುವ ಅನೇಕ ಬ್ಯಾಕ್ಟೀರಿಯಾಗಳು ಉಳಿಯಲ್ಲ. ಆದರೆ ಹುಳುಗಳ ಮೊಟ್ಟೆ ಗಟ್ಟಿ ಪಿಂಡ. ಜಂತುಹುಳು, ಲಾಡಿಹುಳುವಿನ ಮೊಟ್ಟೆಗಳು ಉಪ್ಪು, ಹುಳಿ ಎರಡನ್ನೂ ತಡೆದುಕೊಳ್ಳುತ್ತವೆ. ಹಂದಿ ಮಾಂಸದಿಂದ ಹರಡುವ ಲಾಡಿಹುಳುವಿನ ಮೊಟ್ಟೆ ಮನುಷ್ಯರ ಮಲದಿಂದ ಮಣ್ಣಿಗೆ, ಮಣ್ಣಿನಿಂದ ಸೊಪ್ಪಿಗೆ ಬಂದು, ಹೊಟ್ಟೆ ಸೇರಿ, ಮಿದುಳಿನಲ್ಲಿ ಗಂಟಾಗಿ ಫಿಟ್ಸ್ ತರುವುದುಂಟು. ಹಂದಿ ಮಾಂಸದ ಮುಖ ನೋಡದ ಸಸ್ಯಾಹಾರಿಗಳಿಗೂ ಇದು ಬರುವುದು ಹೀಗೇ. ಅವನ್ನು ಖಂಡಿತ ಕೊಲ್ಲುವುದು ಕುದಿಯುವ ನೀರು. ನೆಲಕ್ಕೆ ಅಂಟಿ ಬೆಳೆಯುವ ಸೊಪ್ಪನ್ನು ಹಸಿಯಾಗಿ ಹುದುಗಿಸುವುದಕ್ಕಿಂತ ಬೇಯಿಸುವುದು ಮೇಲು ಅಂತ ನಾನು ಹೇಳುವುದು ಈ ಕಾರಣಕ್ಕೆ. ಒಂದೆಲಗದ ಹಸಿ ತಂಬುಳಿ ಇಷ್ಟವಾದರೆ ಕುಂಡದಲ್ಲಿ ಬೆಳೆಸಿ, ಗದ್ದೆ ಬದುವಿನದ್ದು ಬೇಡ.

ಮಗಳ ಉತ್ಸಾಹಕ್ಕೆ ತಣ್ಣೀರು ಎರಚಬೇಡಿ. ಹುದುಗಿಸುವುದು ಒಳ್ಳೆಯ ಕಸುಬು. ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇರುವ ಊರಿನಲ್ಲಿದ್ದುಕೊಂಡು ನಾನು ಬೇಡ ಅಂದರೆ ನಗುತ್ತಾರೆ. ಬೆಲ್ಲದ ದಾರಿ ಬಿಟ್ಟು ಉಪ್ಪಿನ ದಾರಿ ಹಿಡಿಯಲಿ. ಬೆಲ್ಲ ಯೀಸ್ಟನ್ನು ಕರೆಯುತ್ತೆ, ಉಪ್ಪು ಮೊಸರಿನ ನೆಂಟರನ್ನು, ಅಂದರೆ ಹುಳಿ ಬರಿಸುವ ಬ್ಯಾಕ್ಟೀರಿಯಾವನ್ನು, ಕರೆಯುತ್ತೆ. ತರಕಾರಿಯನ್ನೂ ನೀರನ್ನೂ ಒಟ್ಟಿಗೆ ತೂಗಿ, ಕೆಜಿಗೆ 25 ಗ್ರಾಂ ಉಪ್ಪು ಹಾಕಲಿ. ಚಮಚದ ಲೆಕ್ಕ ಬೇಡ, ತಕ್ಕಡಿ ಬೇಕು. ಮೂಲಂಗಿ, ಕ್ಯಾರೆಟ್, ನವಿಲುಕೋಸು ಮುಖ್ಯವಾಗಿರಲಿ. ಬರೀ ಸೊಪ್ಪಿನಲ್ಲಿ ಸಕ್ಕರೆ ಅಂಶ ಕಮ್ಮಿ, ಹುಳಿ ಬೇಗ ಏರಲ್ಲ, ಅಷ್ಟರಲ್ಲಿ ಕೊಳೆಯುತ್ತೆ. ನೇಪಾಳದವರು ಸಾಸಿವೆ ಸೊಪ್ಪನ್ನು ಬಾಡಿಸಿ ಹುದುಗಿಸಿ ಗುಂಡ್ರುಕ್ ಮಾಡುತ್ತಾರೆ. ಆದರೆ ಅದನ್ನು ಒಣಗಿಸಿ, ಆಮೇಲೆ ಸಾರಿನಲ್ಲಿ ಕುದಿಸಿ ತಿನ್ನುವುದು ವಾಡಿಕೆ. ವಿಡಿಯೊದಲ್ಲಿ ಈ ಕುದಿಸುವ ಭಾಗ ಬಿಟ್ಟುಹೋಗಿರುತ್ತೆ.

ಎಲ್ಲವೂ ನೀರಿನ ಕೆಳಗೆ ಮುಳುಗಿರಬೇಕು. ವಿದೇಶಿ ಪಾಕದಲ್ಲಿ ‘ಮೂರು ವಾರ ಹೊರಗಿಡಿ’ ಅಂದರೆ ಅದು ಅವರ 20 ಡಿಗ್ರಿಯ ಅಡುಗೆಮನೆಗೆ. ಏಪ್ರಿಲ್‌ನಲ್ಲಿ 35 ಡಿಗ್ರಿ ಮುಟ್ಟುವ ನಮ್ಮ ಊರಿನಲ್ಲಿ ನಾಲ್ಕೈದು ದಿನಕ್ಕೆ ಕೆಲಸ ಮುಗಿದಿರುತ್ತೆ, ಆಮೇಲೆ ಫ್ರಿಜ್. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಹುಳಿ ಅಳೆಯುವ ಪಿಎಚ್ ಕಾಗದ ಸಿಗುತ್ತೆ, ಒಂದು ಪಟ್ಟಿ ತರಿಸಿ. ಹುಳಿ ಹೆಚ್ಚಿದಷ್ಟೂ ಅದರ ಅಂಕಿ ಇಳಿಯುತ್ತೆ. 4ಕ್ಕಿಂತ ಕೆಳಗೆ ಬಂದರೆ ತಿನ್ನಬಹುದು. 4.6ಕ್ಕಿಂತ ಮೇಲೆ ಉಳಿದರೆ ಬೊಟುಲಿಸಂ ಅನ್ನೋ ಮಾರಕ ಆಹಾರವಿಷ ತರುವ ಬ್ಯಾಕ್ಟೀರಿಯಾ ಬೆಳೆಯಲು ಅವಕಾಶ ಇದೆ. ಅದರ ವಿಷಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ತಿಂಗಳುಗಟ್ಟಲೆ ಹೊರಗಿಡುವ ಪ್ರಯೋಗ ಬೇಡ ಅನ್ನುವುದು ಅದಕ್ಕೇ.

ಬಿಳಿ ಪೊರೆ ಬಗ್ಗೆ ಕೇಳಿದ್ದಿರಿ. ಚಪ್ಪಟೆಯಾಗಿ, ಹಾಲಿನ ಕೆನೆಯ ಥರ ಸುಕ್ಕುಸುಕ್ಕಾಗಿದ್ದರೆ ಅದು ಒಂದು ಬಗೆಯ ಯೀಸ್ಟ್. ಉಪ್ಪಿನ ಜಾಡಿಯಲ್ಲಿ ಕಂಡರೆ ತೆಗೆದುಹಾಕಿ ಮುಂದುವರಿಸಬಹುದು. ಹತ್ತಿಯ ಥರ ನವಿರು ಎದ್ದಿದ್ದರೆ, ಹಸಿರು, ಕಪ್ಪು, ಗುಲಾಬಿ ಬಣ್ಣ ಇದ್ದರೆ ಜಾಡಿಯೇ ಖಾಲಿ ಮಾಡಿ. ಮೇಲಿನದ್ದು ತೆಗೆದು ಕೆಳಗಿನದ್ದು ಉಳಿಸುವ ಆಸೆ ಬೇಡ. ನೆಕ್ಕಿ ನೋಡುವ ಪರೀಕ್ಷೆಯಂತೂ ಖಂಡಿತ ಬೇಡ.

ಪಾತ್ರೆ ಗಾಜು ಅಥವಾ ಪಿಂಗಾಣಿ ಭರಣಿ. ಕಲಾಯಿ ಹೋದ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಬೇಡ, ಹುಳಿಗೆ ಲೋಹ ಕರಗುತ್ತೆ. ಈಗ ಎಲ್ಲರ ಮನೆಯಲ್ಲೂ ತಾಮ್ರದ ನೀರಿನ ಬಾಟಲಿ ಇದೆಯಲ್ಲ, ಅದರಲ್ಲಿ ಮಜ್ಜಿಗೆ ತುಂಬಿಸಿ ಮಕ್ಕಳಿಗೆ ಕಳಿಸಿದವರನ್ನೂ ನೋಡಿದ್ದೇನೆ.

ಇಷ್ಟೆಲ್ಲ ಆದಮೇಲೂ ಅತ್ತೆಯವರ ಬಿಪಿ ಇದೆ. 50 ಗ್ರಾಂ ಇಂಥ ತರಕಾರಿಯಲ್ಲಿ ಸುಮಾರು 1.25 ಗ್ರಾಂ ಉಪ್ಪು ಇರುತ್ತೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅಂದರೆ ಕಾಲು ಪಾಲು ಇದರಲ್ಲೇ ಮುಗಿಯಿತು. ಅವರಿಗೆ ರಾಗಿ ಅಂಬಲಿ ಸಾಕು. ಹಿಂದಿನ ರಾತ್ರಿ ರಾಗಿ ಹಿಟ್ಟು ಕಲಸಿ ಹುಳಿ ಬರಿಸಿ, ಬೆಳಿಗ್ಗೆ ಕಾಯಿಸಿ, ಆರಿದ ಮೇಲೆ ಮಜ್ಜಿಗೆ ಬೆರೆಸಿ. ಹುಳಿ ಬಂದ ರಾಗಿಯಲ್ಲಿ ಕಬ್ಬಿಣದ ಅಂಶ ದೇಹಕ್ಕೆ ಇನ್ನೂ ಚೆನ್ನಾಗಿ ಸಿಗುತ್ತೆ. ಅಂಬಲಿಗೆ ಬೆಲ್ಲ ಮಾತ್ರ ಬೇಡ.

ಇನ್ನು ಯಜಮಾನರ ಲಿವರ್. ಗ್ರೇಡ್ 1 ಅಂದರೆ ಗಾಬರಿ ಬೀಳುವ ಹಂತ ಅಲ್ಲ, ಸುಮ್ನೆ ಬಿಡುವ ಹಂತವೂ ಅಲ್ಲ. ತೂಕ ಜಾಸ್ತಿ ಇದ್ದರೆ ನೂರಕ್ಕೆ 7ರಿಂದ 10ರಷ್ಟು ನಿಧಾನಕ್ಕೆ ಇಳಿಸಿದರೆ ಲಿವರ್‌ನ ಕೊಬ್ಬು ಚೆನ್ನಾಗಿ ಕರಗುತ್ತೆ. ಇಷ್ಟು ಪುರಾವೆ ಇರುವ ಇನ್ನೊಂದು ಮನೆಮದ್ದು ನನಗೆ ಗೊತ್ತಿಲ್ಲ. 80 ಕೆಜಿ ಇದ್ದರೆ 6ರಿಂದ 8 ಕೆಜಿ. ಸಂಜೆ ಬಜ್ಜಿ, ಸಕ್ಕರೆ ಕಾಫಿ ಕಮ್ಮಿ ಆಗಲಿ. ಕುಕ್ಕರಹಳ್ಳಿ ಕೆರೆಗೆ ಹೋಗಿ ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆಯಲಿ, ಬೆಂಚಿನ ಮೇಲೆ ಹರಟೆ ಲೆಕ್ಕಕ್ಕಿಲ್ಲ. ಈ ಎಂಜೈಮನ್ನು ಅವರು ಈಗಾಗಲೇ ಸ್ವಲ್ಪ ದಿನ ಕುಡಿದಿದ್ದರೆ ಡಾಕ್ಟರಿಗೆ ಮುಚ್ಚಿಡದೆ ಹೇಳಿ, ಲಿವರ್ ಫಂಕ್ಷನ್ ಟೆಸ್ಟ್ ಒಂದು ಮಾಡಿಸಿ. ಮೂತ್ರ ಗಾಢ ಹಳದಿ, ಮೈ ನವೆ, ಊಟ ಸೇರದಿರುವುದು, ಕಣ್ಣು ಹಳದಿ ಇವುಗಳಲ್ಲಿ ಒಂದು ಕಂಡರೂ ಅವತ್ತೇ ಹೋಗಿ.

ಜಾಡಿಯ ನೀರನ್ನು ಸೋಸಿ, ಹತ್ತು ಪಾಲು ನೀರು ಬೆರೆಸಿ ಬಚ್ಚಲಿಗೆ ಬಳಸಿಕೊಳ್ಳಿ. ಗಾಯಕ್ಕೆ, ಕಣ್ಣಿಗೆ, ಮಕ್ಕಳ ಮೈಗೆ ಬೇಡ. ಎಲೆಯ ಗಸಿ ಗೊಬ್ಬರದ ಗುಂಡಿಗೆ. ಖಾಲಿ ಜಾಡಿಯನ್ನು ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕಿ, ಬರೋ ವಾರ ಮಗಳು ಅದಕ್ಕೇ ಮೂಲಂಗಿ ಹಾಕಲಿ. ಮುಚ್ಚಳ ಸಡಿಲವಾಗಿರಲಿ.